ಬಿಳಿಗಡ್ಡಿ

ಮೊದಲ ಆ ದೊಡ್ಡ ಬ್ಯಾಟರಿ ಆರಿಸ್ರಿ.
ಹಗಲು ತಗೊಂಡು ಹೋಗಿ ಹುಡುಕಿದರ
ಅದು ಸಿಗೂದಿಲ್ಲ.

ನಾ ಬಂದೇನವಾಜ. ಶಹಾಪುರ ಅಗಸಿ ಕಡೆ
ಬಾವಿಗಳಿಗೆಲ್ಲಾ ನನ್ನ ಮೈ ಗೊತ್ತು.
ಕೊಡ ಬಿದ್ದರ, ಮೋಟರ್ ಬಿದ್ದರ,
ಒಮ್ಮೊಮ್ಮೆ ಮಂದಿ ಬಿದ್ದರ
ಅಗ್ನಿಶಾಮಕದವರು ನನಗ ಫೋನ್ ಹಚ್ಚತಾರ.
ನಿಮ್ಮಂಗ ಬೆನ್ನಿಗೆ ಸಿಲಿಂಡರ್ ಇಲ್ಲ,
ಎದಿಯೊಳಗ ಎಷ್ಟು ಹಿಡಿಸತೈತಿ ಅಷ್ಟ.

ಹದಿನೇಳನೇ ಮೆಟ್ಟಲಾ ದಾಟಿ ಎಡಕ್ಕ
ಗ್ವಾಡಿಯೊಳಗ ಒಂದು ಬಾಯಿ ಐತಿ.
ಬಾದಶಾಹಿ ಕಾಲದ ಸುರಂಗ,
ಊರಿಗೆ ನೀರು ತರತಿತ್ತಂತ.
ಊರು ಮರತೈತಿ. ನೀರಿಗೆ ಇನ್ನೂ ನೆನಪೈತಿ.

ಅಲ್ಲಿ ಕಾಲು ಬಡೀಬ್ಯಾಡ್ರಿ.
ತಳದಾಗ ಎಂದಿಂದೋ ರಾಡಿ ಕೂತೈತಿ,
ಸಾಣಿಸಿದ ಜ್ವಾಳದ ಹಿಟ್ಟಿಗಿಂತ ಸಣ್ಣ;
ಒಮ್ಮೆ ಎದ್ದರ ಸಂಜೀತನಕ ಕೂಡೂದಿಲ್ಲ.
ಬೆರಳಿಲೆ ಗ್ವಾಡಿ ಹಿಡಕೊಂಡು
ಹಲ್ಲಿ ಹೋದಂಗ ಹೋಗ್ರಿ.
ಉಸಿರೂ ಸಾವಕಾಶ ಬಿಡ್ರಿ.
ನಿಮ್ಮ ಗುಳ್ಳಿ ಬಡದು ಮ್ಯಾಲಿನ ಸುಣ್ಣ ಉದರತೈತಿ,
ಅದಕ್ಕ ಅದು ಗುಡುಗು.

ಹ್ಯಾಂಗಿರತೈತಿ ಅಂದರ,
ಮದ್ದು ಉದುರಿದ ಬೆಂಕಿಕಡ್ಡಿ.
ಅಷ್ಟ ಉದ್ದ, ಅಷ್ಟ ಬಿಳಿ.
ಕಣ್ಣಿರೋ ಜಾಗಾದಾಗ ಬರೇ ತೊಗಲು.
ಬೆಳಕು ನೆಟ್ಟಗ ಬಿಟ್ಟರ ಆರಪಾರ ಹೋಗಿಬಿಡತೈತಿ,
ನಿಮಗ ಕಾಣೂದು ಹಿಂದಿನ ಕಲ್ಲು.
ಅದಕ್ಕ ಸಣ್ಣ ಬ್ಯಾಟರಿ, ಓರೆಯಾಗಿ, ಗ್ವಾಡಿಗುಂಟ ಹಿಡೀರಿ.
ಮೀನ ಹುಡುಕಬ್ಯಾಡ್ರಿ, ನೆರಳು ಹುಡುಕ್ರಿ.
ಕಲ್ಲಿನ ಮ್ಯಾಲೆ ಕೂದಲೆಳಿಯಂಥ ಗೆರಿ,
ಬಿರುಕು ಅನಕೋತೀರಿ,
ಬಿರುಕು ಅಲುಗಾಡತೈತಿ.
ಅಲ್ಲಿಂದ ಗೇಣು ಈಚೆ ಅದು ಇರತೈತಿ.

ನಾ ಮೊದಲ ಸಲ ಕಂಡದ್ದು ಹಂಗಲ್ಲ.
ಕಂಡದ್ದ ಅಲ್ಲ ಬಿಡ್ರಿ.
ತಿಕೋಟಾದ ಹುಡುಗನ್ನ ಹುಡುಕಾಕ ಇಳಿದಿದ್ದೆ,
ನಾಕನೇ ಮುಳುಗು. ಬ್ಯಾಟರಿಯೊಳಗ ನೀರು ಹೊಕ್ಕು ಆರಿತ್ತು.
ಅಂಗಿ ಸಿಗತೈತೇನಂತ ಕತ್ತಲಾಗ ಕೈ ಚಾಚಿದೆ.
ಬೆರಳ ಸಂದಿಗೆ ಏನೋ ಬಂದು ಮುಟ್ಟಿತು,
ಹಿಂದ ಸರೀತು, ಮತ್ತ ಬಂತು.
ಒಬ್ಬ ಕುರುಡ ಇನ್ನೊಬ್ಬ ಕುರುಡನ ಮಾರಿ ಸವರಿ
ಯಾರೋ ಇಂವ ಅಂತ ಕೇಳಿದಂಗ.

ಹುಡುಗ ಆಮ್ಯಾಲೆ ಸಿಕ್ಕ. ಆ ಮಾತು ಬ್ಯಾಡ.
ಅವನ ಅವ್ವಗ ಎಲ್ಲಾ ಹೇಳಿದೆ, ಇದೊಂದು ಹೇಳಲಿಲ್ಲ,
ಅಲ್ಲಿ ಅಂವ ಒಬ್ಬನ ಇರಲಿಲ್ಲ ಅಂತ.
ಹೇಳಬೇಕಿತ್ತೇನೊ.

ಫೋಟೋ ತಕ್ಕೋರಿ, ಬ್ಯಾಡನ್ನೂದಿಲ್ಲ.
ಆ ಗಾಜಿನ ಬಾಟಲಿ ಮಾತ್ರ
ಇಲ್ಲೇ ಮೆಟ್ಟಲ ಮ್ಯಾಲೆ ಇಟ್ಟು ಹೋಗ್ರಿ.
ಕೈಗವಸು ಬಿಚ್ಚರಿ, ಎಡಗೈದಾದರೂ.
ಹಗ್ಗ ನನ್ನ ಹಂತ್ಯಾಕ ಇರತೈತಿ.
ಒಮ್ಮೆ ಜಗ್ಗಿದರ ಆರಾಮ ಅದೀರಿ ಅಂತ,
ಎರಡು ಸಲ ಅಂದರ ಎಳಕೋತೀನಿ.
ಬರೂದರೊಳಗ ಚಾ ಹೇಳಿರತೀನಿ.

ಅದು ಬಂದು ಮುಟ್ಟಿತಂದರ
ಏನೂ ಜಗ್ಗಬ್ಯಾಡ್ರಿ.
ಹಗ್ಗ ಸುಮ್ಮಾದದ್ದು
ನನ್ನ ಕೈಗೆ ತಿಳೀತೈತಿ.