ಎಲ್ಬೋ

ಸುಂಟಿಕೊಪ್ಪದ ಸಂತೆ ರಸ್ತೆಯಲ್ಲಿ ನಮ್ಮದು ಪೈಪಿನಂಗಡಿ.
ಉಪ್ಪ ಡಬ್ಬಿಗಳ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು:
ಟೀ, ಸಾಕೆಟ್, ಬೆಂಡು, ಎಲ್ಬೋ.
ನಾನು ಅಕ್ಷರ ಕಲಿತದ್ದು ಅಲ್ಲೇ.

ಮೂರನೇ ಕ್ಲಾಸಿನಲ್ಲಿ ದೇಚಮ್ಮ ಟೀಚರ್
"ಟಚ್ ಯುವರ್ ಎಲ್ಬೋ" ಎಂದಾಗ
ಎಲ್ಲರೂ ಮೊಣಕೈ ಮುಟ್ಟಿಕೊಂಡರು.
ನಾನು ಚಡ್ಡಿ ಜೇಬಿನಿಂದ ತೆಗೆದು ತೋರಿಸಿದೆ,
ಅರ್ಧ ಇಂಚಿನದು, ಬೂದು ಬಣ್ಣ.
ಬೆಂಚುಗಳೆಲ್ಲ ನಕ್ಕವು.
ಟೀಚರ್ ಮಾತ್ರ ಅದನ್ನು ಇಸಕೊಂಡು
ಒಂದು ಕಣ್ಣು ಮುಚ್ಚಿ ಇಣುಕಿ
"ಆ ಕಡೆ ಕಾಣೋದೇ ಇಲ್ವಲ್ಲೋ" ಎಂದರು.
"ನೀರಿಗೆ ಕಾಣ್ತದೆ ಟೀಚರ್" ಎಂದೆನಂತೆ.
ನನಗೆ ನೆನಪಿಲ್ಲ. ಅವರಿಗಿದೆ.

ಈ ಜನವರಿ ಕಾಫಿ ಕಣದಲ್ಲಿ ಜಾರಿಬಿದ್ದರು.
ಮಡಿಕೇರಿಯಲ್ಲಿ ಪ್ಲೇಟು ಇಟ್ಟು ಸ್ಕ್ರೂ ಬಿಗಿದಿದ್ದಾರೆ,
ನಮ್ಮಲ್ಲಿ ಸಿಗದ ಸೈಜಿನದು.
ಕೈ ಈಗ ಪೂರ್ತಿ ಚಾಚುವುದೂ ಇಲ್ಲ, ಮಡಚುವುದೂ ಇಲ್ಲ.

ಇವತ್ತು ಬಂದಿದ್ದರು.
ಬಚ್ಚಲ ಹಂಡೆಗೆ ಹೋಗುವ ಪೈಪು ಸೋರುತ್ತಿದೆಯಂತೆ.
"ಯಾವ ಎಲ್ಬೋ? ತೊಂಬತ್ತರದೋ, ನಲವತ್ತೈದರದೋ?"
ಸ್ವೆಟರಿನ ತೋಳು ಸರಿಸಿ
ಆ ಕೈಯನ್ನೇ ಕೌಂಟರಿನ ಮೇಲಿಟ್ಟರು:
"ಇದಕ್ಕಿಂತ ಸ್ವಲ್ಪ ಕಮ್ಮಿ ಬಗ್ಗಿದ್ದು."

ಹೊಲಿಗೆಯ ಗುರುತು ಇನ್ನೂ ಕೆಂಪಗೇ ಇತ್ತು.
ಉಪ್ಪ ಹೇಳುತ್ತಿದ್ದರು, ನೇರ ಪೈಪು ಒಡೆಯುವುದು ಅಪರೂಪ,
ಸೋರುವುದೆಲ್ಲ ತಿರುವಿನಲ್ಲಿ.
ಅದನ್ನು ಹೇಳಲಿಲ್ಲ.
"ಹಿತ್ತಾಳೆಯದ್ದೇ ತಗೊಳ್ಳಿ, ಬಿಸಿನೀರಿಗೆ ಬಾಳಿಕೆ ಬರ್ತದೆ" ಎಂದೆ.

ಎತ್ತಿ ಕಣ್ಣಿಗೆ ಹಿಡಿಯಲು ಹೋದರು.
ಕೈ ಅಷ್ಟು ಮೇಲೆ ಬರಲಿಲ್ಲ.
ತಲೆಯನ್ನೇ ತಗ್ಗಿಸಿದರು.
"ಇದರಲ್ಲಿ ಕಾಣ್ತದಲ್ಲೋ,
ನಿನ್ನ ಬಾಗಿಲು, ಅರ್ಧ."