ಪಕ್ಕೆಲುಬಿಗೆ ಒಂಬತ್ತು ಗಂಟೆ

ಡೀಸೆಲ್ ಡ್ರಮ್ಮನ್ನು ಅಡ್ಡ ಮಲಗಿಸಿ, ಹೊಟ್ಟೆ ಸೀಳಿ,
ಬಿಜಾಗರಿ ಬೆಸೆದುಕೊಟ್ಟವನು ಸಿದ್ದಾಪುರದ ಹಂಸ.
ಏನಿಡ್ತೀರಿ ಒಳಗೆ, ಎಂದ.
ಕೋಳಿ, ಎಂದೆ.
ನಕ್ಕ. ತಗಡಷ್ಟೇ ನನ್ನದು ಡ್ರೈವರಣ್ಣ,
ಒಳಗಿನದು ನಿಮ್ಮ ಲೆಕ್ಕ.
ಹೊಗೆ ಹೋಗಲಿ ಅಂತ ಹಳೇ ಸೈಲೆನ್ಸರೊಂದನ್ನು ನೆತ್ತಿಗೆ ಕೂರಿಸಿದ.
ಅದಕ್ಕೆ ದುಡ್ಡು ಮುಟ್ಟಲಿಲ್ಲ.
ಎರಡು ದಿನ ಖಾಲಿ ಉರಿಸಿ
ಡೀಸೆಲ್ಲಿನ ನೆನಪು ಸುಟ್ಟೆ.

ಭಾನುವಾರ, ಐದೂ ನಲವತ್ತು.
ಮೂವತ್ತೊಂದು ವರ್ಷ ಇದೇ ಹೊತ್ತಿಗೆ
ಗೋಣಿಕೊಪ್ಪದಿಂದ ಮೈಸೂರಿಗೆ ಬಸ್ಸು ಎತ್ತಿದವನು.
ಇವತ್ತು ಎತ್ತಿದ್ದು ಬೆಂಕಿಪೊಟ್ಟಣ.

ಹೋದ ವರ್ಷ ಸವರಿದ ಕಾಫಿ ರೆಂಬೆ, ಚಟಪಟ ಅನ್ನದೆ ಕೆಂಡವಾಗುವ ಜಾತಿ.
ಎರಡು ಹಲಗೆ ಪಕ್ಕೆಲುಬು:
ಅಭ್ಯಾಸಬಲದಿಂದ ಪೆಮ್ಮಯ್ಯ ಕತ್ತಿ ಎತ್ತಿದ್ದ,
ಕೈ ಹಿಡಿದು, ಕಡಿಯಬೇಡ ಮಾರಾಯ, ಇಡಿಯಾಗೇ ಕೊಡು, ಎಂದಿದ್ದೆ.
ಉಪ್ಪು, ಹುರಿದು ಕುಟ್ಟಿದ ಮೆಣಸು, ಜೀರಿಗೆ,
ಮೇಲೆ ಕಾಚಂಪುಳಿ, ಟಾರಿನ ಹಾಗೆ ಕಪ್ಪಗೆ,
ಜೇನು ಒಂದು ಸೌಟು.

ಬೋಜಮ್ಮನ ಬಾಯಲ್ಲಿ ಈಗ ಹಲ್ಲಿಲ್ಲ.
ವಿರಾಜಪೇಟೆಯ ಡಾಕ್ಟರು ಎಲ್ಲ ಕಿತ್ತು
ಹೊಸ ಸೆಟ್ಟು ಮುಂದಿನ ತಿಂಗಳು ಎಂದಿದ್ದಾರೆ.
ಆರು ವಾರದಿಂದ ಗಂಜಿ, ಹಿಸುಕಿದ ಬಾಳೆಹಣ್ಣು.
ಯಾರಾದರೂ ಬಂದರೆ ಬಾಯಿಗೆ ಸೆರಗು.
ನನ್ನೆದುರೂ ಸೆರಗು.

ಕೆಂಡ ಒಂದು ಮಗ್ಗುಲಿಗೆ, ಮಾಂಸ ಇನ್ನೊಂದು ಮಗ್ಗುಲಿಗೆ.
ಒಂದನ್ನೊಂದು ನೋಡಬೇಕು, ಮುಟ್ಟಬಾರದು.
ತಿತಿಮತಿ ಕಾಡಲ್ಲಿ ಆನೆ ದಾರಿಗಡ್ಡ ನಿಂತಾಗ ಹೀಗೇ:
ಹಾರನ್ನಿಲ್ಲ, ಲೈಟಿಲ್ಲ,
ಅದು ಸರಿದರೆ ಮಾತ್ರ ನಾವು ಸರಿಯುವುದು.
ಆದರೂ ಹತ್ತು ನಿಮಿಷಕ್ಕೊಮ್ಮೆ ಕೈ ತುರಿಸುತ್ತದೆ.
ಜಗಲಿಯಿಂದ ಕೂಗು:
ಮುಶ್ಶಳ ತೆಗೀಬೇಡಿ!

ಹನ್ನೊಂದಕ್ಕೆ ಅವಳೇ ಬಂದು ಮರದ ಕೊರಡಿನ ಮೇಲೆ ಕೂತಳು.
ಸಿಹಿಗುಂಬಳದ ಹೋಳು ಸಿಪ್ಪೆಸಮೇತ ಬೂದಿಗೆ,
ಎರಡು ಬದನೆ ಕೆಂಡಕ್ಕೆ,
ಕಡಂಬುಟ್ಟಿನ ಉಂಡೆ ಒಳಗೆ ಹಬೆಯಲ್ಲಿ.
ಪರಂಗಿ ಮೆಣಸು ಅರೆಯುತ್ತ,
ಇದು ನಿಮಗೆ, ನನ್ನ ವಸಡಿಗೆ ಆಗದು, ಎಂದಳು.

ಆಮೇಲೆ ಮಾಡಲು ಏನೂ ಇರಲಿಲ್ಲ ಇಬ್ಬರಿಗೂ.
ಸೈಲೆನ್ಸರ್ ತೆಳುನೀಲಿ ಹೊಗೆ ಬಿಡುತ್ತಿತ್ತು.
ಮಾತು ಬಂತು, ಹಲ್ಲಿಲ್ಲದ ಮಾತು, ಮೂಲೆಗಳೇ ಇಲ್ಲದ್ದು.

ಒಂದು ಸಲ ನಿಮ್ಮ ಬಸ್ಸು ಹತ್ತಿದ್ದೆ, ಗೊತ್ತಾ?
ಹಿಂದಿನ ಸೀಟು, ತಲೆ ತುಂಬ ವಸ್ತ್ರ.
ಹುಣಸೂರಿಗೆ ಟಿಕೆಟ್ ತಗೊಂಡೆ.
ಕಂಡಕ್ಟರು ಗುರುತು ಹಿಡಿದ, ಬಾಯಿಬಿಡಲಿಲ್ಲ.
ನೀವು ಡ್ರೈವಿಂಗ್ ಮಾಡೋದು ನೋಡಬೇಕನಿಸಿತ್ತು.

ನಾನು ಬೆಂಕಿ ಕೆದಕಿದೆ, ಕೆದಕಬಾರದಿತ್ತು.
ಹೇಗೆ ಮಾಡ್ತಿದ್ದೆ?

ಡ್ರೈವಿಂಗ್ ಚೆನ್ನಾಗಿತ್ತು.
ಹುಣಸೂರು ಹೋಟೆಲಲ್ಲಿ ನಿಂತೇ ನಾಲ್ಕು ಇಡ್ಲಿ ನುಂಗಿದಿರಿ.
ಎಲ್ಲ ಹಲ್ಲೂ ಇದ್ದವು ನಿಮಗೆ.
ಒಂದ್ಸಲವೂ ಅಗೀಲಿಲ್ಲ.

ಎರಡೂ ನಲವತ್ತಕ್ಕೆ ಮುಚ್ಚಳ ಎತ್ತಿದೆ.
ಕಪ್ಪು, ಅಂಚಿಗೆ ಕೆಂಪು, ಕೊಬ್ಬು ಬೆವರುತ್ತಿತ್ತು.
ಒಂದು ಎಲುಬು ಹಿಡಿದು ಸ್ವಲ್ಪ ತಿರುಗಿಸಿದೆ:
ಆಫ್ ಮಾಡಿದ ಗಾಡಿಯಿಂದ ಕೀಲಿ ಬರುವ ಹಾಗೆ ಬಂತು,
ಬೆಳ್ಳಗೆ, ಒಂದು ನಾರೂ ಅಂಟದೆ.

ತಿನ್ನಲು ಎರಡೂ ಕೈ ಬೇಕು.
ಸೆರಗು ಎಲ್ಲಿ ಹೋಯಿತೋ, ಅವಳು ನೋಡಲಿಲ್ಲ.
ವಸಡು ಸಾಕಾಯಿತು. ಗಲ್ಲಕ್ಕೆ ಜೇನು.
ಐದು ಎಲುಬು ತಟ್ಟೆಯಂಚಿಗೆ ಸಾಲಾಗಿ ಜೋಡಿಸಿ,
ಉಪ್ಪು ಒಂಚೂರು ಕಮ್ಮಿ, ಎಂದು
ಬೆರಳ ತುದಿಯಲ್ಲಿ ನನ್ನ ಪರಂಗಿ ಮೆಣಸನ್ನೂ ನೆಕ್ಕಿ
ಕಣ್ಣಲ್ಲಿ ನೀರು ತಂದುಕೊಂಡಳು.

ಫೋನು. ಹಂಸ.
ಕೋಳಿ ಬೆಂತಾ ಡ್ರೈವರಣ್ಣ?
ಬೋಜಮ್ಮ ನನ್ನ ದವಡೆಯನ್ನೇ ನೋಡುತ್ತಿದ್ದಳು.
ಆಮೇಲೆ ಮಾಡ್ತೇನೆ, ಎಂದೆ,
ಇನ್ನೂ ಅಗೀತಾ ಇದ್ದೇನೆ.