ಚಿಲ್ಲರೆ ವರದಿ

ಕೆಲಸಕ್ಕೆ ಸೇರಿದ ದಿನ ಸಂಪಾದಕರು ಕೊಟ್ಟದ್ದು
ಸಹಕಾರಿಯೊಂದರ ವಾರ್ಷಿಕ ಮಹಾಸಭೆಯ ಕಾಗದ.
"ಡಿವಿಡೆಂಡ್ ಎಷ್ಟು, ಶಾಲು ಯಾರಿಗೆ, ಅಷ್ಟು ಸಾಕು.
ಹಿಂದಿನ ಸಾಲಿನ ಪ್ರಶ್ನೆ ಬೇಡ."
ನಾನು ಕೂತದ್ದು ಹಿಂದಿನ ಸಾಲಲ್ಲೇ,
ಫ್ಯಾನು ತಿರುಗುತ್ತಿದ್ದದ್ದು ಅಲ್ಲೊಂದೇ.
ಹಿಂದಿನ ಸಾಲು ಎಂದರೆ ಕಳೆದ ವರ್ಷವೂ ಹೌದು,
ಅದರೊಳಗೆ ಸಾಲವೂ ಉಂಟು ಎಂದು
ತಿಳಿಯುವಾಗ ನನ್ನ ಕೂದಲು ಹಣ್ಣಾಗಿತ್ತು.

ಲೆಕ್ಕ ನನಗೆ ಕಲಿಸಿದ್ದು ಕಾಲೇಜಲ್ಲ.
ಅಮ್ಮನ ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲಿನ ಉಂಡೆ.
ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ.
ಬೀಡಿ ಬ್ರಾಂಚಿನವ ಮೂರು ಕಟ್ಟು ಪಕ್ಕಕ್ಕೆ ತಳ್ಳುತ್ತಿದ್ದ:
"ಇದು ರಿಜೆಕ್ಟು."
ರಿಜೆಕ್ಟಾದದ್ದಕ್ಕೆ ಮಜೂರಿ ಇಲ್ಲ,
ರಿಜೆಕ್ಟಾದದ್ದು ಅಮ್ಮನಿಗೆ ವಾಪಸೂ ಇಲ್ಲ.
ಹಾಗಾದರೆ ಅದನ್ನು ಸೇದಿದ್ದು ಯಾರು?
ಎಂಟನೇ ಕ್ಲಾಸಿನ ಈ ಒಂದೇ ಪ್ರಶ್ನೆಯನ್ನು
ಮೂವತ್ತೊಂದು ವರ್ಷ ಬೇರೆಬೇರೆ ಕೌಂಟರಿನಲ್ಲಿ ಕೇಳಿದೆ.

ಧಕ್ಕೆಯಲ್ಲಿ ಬೆಳಗಿನ ನಾಲ್ಕು.
ವಾರಿಜಾ ಕರ್ಕೇರ ಒಂಬೈನೂರು ಎಣಿಸಿ ಸೊಂಟಕ್ಕೆ ಸಿಕ್ಕಿಸುತ್ತಾಳೆ,
ಸಂಜೆಗೆ ಸಾವಿರ ಮಾಡಿ ಕೊಡಬೇಕು.
ನಾನು ಗುಣಿಸಿ, ಭಾಗಿಸಿ, ವಾರ್ಷಿಕ ಬಡ್ಡಿ ಹೇಳಿದೆ:
ಶೇಕಡಾ ನಾಲ್ಕು ಸಾವಿರದ ಚಿಲ್ಲರೆ.
"ವರ್ಷವಾ?" ಬುಟ್ಟಿ ತಲೆಗೇರಿಸುತ್ತ ನಕ್ಕಳು.
"ನನ್ನ ಬಂಗುಡೆಗೆ ವರ್ಷ ಉಂಟಾ ಮಾರಾಯ್ರೇ?
ಬಿಸಿಲೇರಿದರೆ ಮುಗೀತು."
ಭಾನುವಾರದ ಪುಟಕ್ಕೆ ಅದೇ ಶೀರ್ಷಿಕೆ.
ಜನ ಹೊಗಳಿದರು. ಅವಳಿಗೆ ಓದಿ ಹೇಳಿದೆ.
"ಫೋಟೋ ಯಾಕೆ ಹಾಕಿದ್ದು? ಇನ್ನು ಅವ ಕೊಡುವುದಿಲ್ಲ."
ಕೊಡಲಿಲ್ಲ. ಹದಿನೇಳು ದಿನ.
ಅದನ್ನು ನಾನು ವರದಿ ಮಾಡಲಿಲ್ಲ.

ಆಮೇಲೆ ಆ ಸಹಕಾರಿಯ ಶಟರು ಬಿತ್ತು.
ಜಾಹೀರಾತು ವಿಭಾಗದಿಂದ ಫೋನು ಬಂತು.
ಅಚ್ಚಾದದ್ದು: "ಪ್ರತಿಷ್ಠಿತ ಸಹಕಾರಿಯೊಂದರಲ್ಲಿ ಅವ್ಯವಹಾರ."
ಆ "ಒಂದು" ಯಾವುದೆಂದು
ಸ್ಟೇಟ್ ಬ್ಯಾಂಕ್ ಸ್ಟಾಪಿನ ಕಡಲೆಯವನಿಗೂ ಗೊತ್ತು.
ಪಿಗ್ಮಿ ಸಂಗ್ರಾಹಕ ಜೆರೋಮ್ ತಾವ್ರೊನ ಹೆಸರು ಮಾತ್ರ
ಪೂರ್ತಿ ಬಂತು, ವಯಸ್ಸು, ತಂದೆ, ಮನೆ ಸಮೇತ.
ಬೆಂದೂರಿನಿಂದ ಕಂಕನಾಡಿವರೆಗೆ ದಿನಕ್ಕೆ ಇಪ್ಪತ್ತು, ಮೂವತ್ತು
ಎತ್ತಿ ತಂದವನು ಅವನು. ಬಾಗಿಲು ತಟ್ಟಿದವನು.
ಜನ ಈಗ ಅವನ ಬಾಗಿಲು ತಟ್ಟಿದರು.
ಹೆಂಡತಿಯ ಬಳೆ ಮಾರಿ
ಹೂವಿನವಳಿಂದ ಶುರು ಮಾಡಿ
ಡೈರಿಯ ಅಕ್ಷರಮಾಲೆಯಲ್ಲಿ ಅವನು "ಗ"ವರೆಗೆ ತಲುಪಿದ.

ನನ್ನ ಮೇಜಿನ ಖಾನೆಯಲ್ಲಿ ನಲವತ್ತಮೂರು ಪಾಸ್‌ಬುಕ್ಕು.
ಪತ್ರಿಕೆ ಆಫೀಸೂ ಒಂದು ಆಫೀಸಲ್ಲವೇ ಎಂದು
ಕೊಟ್ಟು ಹೋದವರು. ರಸೀದಿ ಕೇಳಿದವರಿಲ್ಲ.
ನಿವೃತ್ತಿಗೆ ಶಾಲು ಹೊದಿಸಿದರು, ಮುಂದಿನ ಸಾಲು, ಸೆಕೆ.
ಮರುದಿನದಿಂದ ಒಂದೊಂದೇ ಮರಳಿಸಲು ಹೊರಟೆ.

ಕೊನೆಯದು ಬೆಂಗ್ರೆಯ ಐಸಮ್ಮನದು. ಫೆರಿಯಲ್ಲಿ ಹೋದೆ.
ಮೂರು ಸಾವಿರದ ನಾನ್ನೂರ ಅರುವತ್ತು.
ಸೆರಗಿನಲ್ಲಿ ರಟ್ಟು ಒರೆಸಿ, ಕೊನೆಯ ಪುಟ ತಿರುವಿ
"ಎಂಟ್ರಿ ಹಾಕಿಸಿದ್ದಾ?" ಎಂದಳು.
ಇಲ್ಲ ಎಂದೆ. ನಾನೀಗ ಪೇಪರಿನಲ್ಲಿಲ್ಲ ಎಂದೂ ಹೇಳಿದೆ.
ಚಾ ಕೊಟ್ಟಳು. ಲೋಟ ತೊಳೆದು ಬಂದು
ಪುಸ್ತಕ ನನ್ನ ಚೀಲಕ್ಕೇ ಇಳಿಸಿದಳು.
"ಹಾಗಾದ್ರೆ ನಿಮ್ಮಲ್ಲೇ ಇರಲಿ."

ವಾಪಸು ಬರುವಾಗ ಹೊಳೆ ಎಣ್ಣೆ ಬಣ್ಣ.
ನೂರರ ನೋಟು ಚಾಚಿದೆ.
"ಚಿಲ್ಲರೆ ಇಲ್ಲ ಸಾರ್, ನಾಳೆ ಕೊಡಿ,"
ಅಂದ ಫೆರಿಯ ಹುಡುಗ,
ನಾಳೆ ಬರುವವನೆಂದೇ ತಿಳಿದು.